ಒಂದೇ ಸೋಂಕು, ಎರಡು ಕೂಸುಗಳು

ಹೊಸಪೇಟೆಯ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿಗೆ ನಾನು ನರ್ಸ್ ಆಗಿ ಸೇರಿ ಎರಡು ವರ್ಷವಾಗಿತ್ತು. ವಡ್ಡು ಎಂಬ ಹಳ್ಳಿಯಿಂದ ಬಂದಿದ್ದ ಒಬ್ಬಾಕೆಗೆ ದಿನ ತುಂಬುವ ಮೊದಲೇ ಅವಳಿ ಮಕ್ಕಳು ಹುಟ್ಟಿದವು. ಗಂಡು ತುಸು ದಪ್ಪಗಿತ್ತು. ಅತ್ತರೆ ಬಾಗಿಲಾಚೆಗೂ ಕೇಳುತ್ತಿತ್ತು. ಹೆಣ್ಣುಕೂಸು ಅಳುವುದಕ್ಕೂ ಬೇಸತ್ತಂತೆ ಬಾಯಿ ತೆರೆದು ಸುಮ್ಮನಾಗುತ್ತಿತ್ತು.

ನಾಲ್ಕನೆಯ ದಿನ ಎರಡೂ ಹಾಲು ಕುಡಿಯುವುದನ್ನು ಬಿಟ್ಟವು. ಮೈ ತಣ್ಣಗಾಗಿ ಉಸಿರಾಟ ಜೋರಾಯಿತು. ರಕ್ತಕ್ಕೆ ಸೋಂಕು ತಗುಲಿತ್ತು. ಇಬ್ಬರಿಗೂ ಒಂದೇ ರೋಗಾಣು, ಒಂದೇ ಔಷಧಿ. ಇಬ್ಬರಿಗೂ ಆಕ್ಸಿಜನ್ ಇಟ್ಟೆವು.

ಮಕ್ಕಳ ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. "ಸಿಸ್ಟರ್, ಹುಡುಗ ಗಟ್ಟಿ ಅದಾನ, ತಡ್ಕೋತಾನ. ಹುಡುಗಿದೇ ನನಗ ಭಾಳ ಚಿಂತಿ."

ನನಗೂ ಹಾಗೆಯೇ ಅನ್ನಿಸಿತ್ತು.

ಆದದ್ದೇ ಬೇರೆ. ಮೂರು ದಿನಕ್ಕೆ ಹುಡುಗಿ ಆಕ್ಸಿಜನ್ ಇಲ್ಲದೆ ಉಸಿರಾಡತೊಡಗಿದಳು. ಅದೇ ಮಧ್ಯಾಹ್ನ ಹುಡುಗನಿಗೆ ವೆಂಟಿಲೇಟರ್ ಹಾಕಬೇಕಾಯಿತು.

"ಇದು ಹೆಂಗ್ರಿ ಮೇಡಂ?" ಎಂದು ಮಕ್ಕಳ ಡಾಕ್ಟರನ್ನು ಕೇಳಿದೆ.

"ಗಂಡುಕೂಸುಗಳಿಗೆ ಸೋಂಕು ಜಾಸ್ತಿ ಕಾಡ್ತೈತಿ," ಎಂದರು ಅವರು. "ಹುಡುಗಿಗೆ ಎಕ್ಸ್ ಕ್ರೋಮೋಸೋಮ್ ಎರಡು, ಹುಡುಗಗ ಒಂದೇ. ರೋಗದ ಜೋಡಿ ಬಡಿದಾಡೋ ಜೀನ್ಸ್ ಭಾಳಷ್ಟು ಅದ್ರಾಗ ಅದಾವ. ಪೂರ್ತಿ ಕಾರಣ ಅದೇ ಅಂತ ಹೇಳಾಕ ಬರಂಗಿಲ್ಲ. ಎಲ್ಲಾ ಕೂಸುಗಳೂ ಹಿಂಗೇ ಅಂತನೂ ಅಲ್ಲ."

ಎಕ್ಸ್, ವೈ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಹುಟ್ಟುವುದು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದಷ್ಟೇ ಅವುಗಳ ಕೆಲಸ ಎಂದುಕೊಂಡಿದ್ದೆ. ಈಗ ಆ ಹುಡುಗಿಯ ಎದೆ ಏರಿಳಿಯುವುದನ್ನು ನೋಡುತ್ತಾ ನಿಂತೆ. ಕಣ್ಣು ಸರಿಯಾಗಿ ಬಿಡದ ಕೂಸು. ಅದರೊಳಗೆ ಯಾರೂ ಕಲಿಸದ ಒಂದು ಯುದ್ಧ ನಡೆದು ಮುಗಿದಿತ್ತು. ಹೊರಗೆ ನಮಗೆ ಒಂದು ಸದ್ದೂ ಕೇಳಿಸಿರಲಿಲ್ಲ.

ತಾಯಿ ಹಾಲು ಹಿಂಡಿಕೊಡುತ್ತಾ ಮಗನ ಪಕ್ಕದಲ್ಲೇ ಉಳಿದರು. ಹುಡುಗಿಯನ್ನು ಬೆಚ್ಚಗಿಡಲು ಅಜ್ಜಿಯ ಎದೆಗೆ ಹತ್ತಿಯ ಸೀರೆಯಿಂದ ಕಟ್ಟಿದೆವು. ಅವರು ಅಲುಗಾಡದೆ ಕುಳಿತು, ಅದರ ನೆತ್ತಿಯನ್ನೇ ನೋಡುತ್ತಿದ್ದರು.

"ಇಷ್ಟ ಸಣ್ಣ ಮೈಯಾಗ ಅಷ್ಟು ಶಕ್ತಿ ಎಲ್ಲಿ ಇಟ್ಕೊಂಡಿದ್ಲೋ ಇಕಿ," ಎಂದರು ಮೆಲ್ಲಗೆ.

ಹುಡುಗ ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದ. ನಾವು ಒಂದೊಂದು ಗಂಟೆಯನ್ನೂ ಎಣಿಸುತ್ತಾ ಕಾದೆವು. ಆಮೇಲೆ ಅವನೂ ಚೇತರಿಸಿಕೊಂಡ. ಒಂದು ತಿಂಗಳಿಗೆ ನಾಲ್ವರೂ ವಡ್ಡುವಿಗೆ ಹೊರಟರು.

ಇಂದಿಗೂ ಗಂಡುಕೂಸಿಗೆ ಸೋಂಕೆಂದರೆ ಒಂದು ಸಲ ಹೆಚ್ಚೇ ಹೋಗಿ ನೋಡುತ್ತೇನೆ. ಹಾಗೆಂದು ಹೆಣ್ಣುಕೂಸನ್ನು ನೋಡುವುದು ಕಡಿಮೆ ಮಾಡಿಲ್ಲ.