ರಂಗದ ಕೆಳಗಿನ ಹಗೇವು

ಬಾಯಿ ತೆರೆದ ಹಗೇವು ಕಂಡರೆ ನಾನು ಇಂದಿಗೂ ನಾಲ್ಕು ಮಾರು ದೂರ ನಿಲ್ಲುತ್ತೇನೆ. ಈಗ ಹಗೇವುಗಳೇ ಕಡಿಮೆ. ಜೋಳ ತುಂಬಿಡಲು ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡುತ್ತಿದ್ದ ಆ ಕಣಜಗಳನ್ನು ನಮ್ಮ ಆಳಂದ, ಅಫಜಲಪುರದ ಕಡೆ ಬಹಳ ಮಂದಿ ಮಣ್ಣು ಹಾಕಿ ಮುಚ್ಚಿಸಿದ್ದಾರೆ. ಆದರೂ ಯಾರದೋ ಅಂಗಳದಲ್ಲಿ ನೆಲಕ್ಕೆ ಕೂಡಿಸಿದ ದುಂಡನೆಯ ಬಂಡೆಗಲ್ಲು ಕಂಡರೆ ಸಾಕು, ನನ್ನ ಎರಡೂ ಕೈ ತಾವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಮಧ್ಯಾಹ್ನ ಒಬ್ಬ ಮನುಷ್ಯನ ಹೊಟ್ಟೆಯ ಸುತ್ತ ಹೀಗೆಯೇ ಬೆರಳು ಹೆಣೆದು ಹಿಡಿದಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಲಬರ್ಗಾದಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಆಳಂದದ ಒಂದು ಶಾಲೆಗೆ ಕನ್ನಡ ಕಲಿಸಲು ಬಂದಿದ್ದೆ. ಸೋದರಮಾವನ ಮನೆಯಲ್ಲೇ ಇದ್ದೆ. ಮಾವನದೊಂದು ಸಣ್ಣ ಥೇಟರು. ಮಣ್ಣಿನ ಗೋಡೆ, ತಗಡಿನ ಮಾಡು, ಕಾಲು ಅಲುಗಾಡುವ ಬೆಂಚುಗಳು. ಅವನ ತಂದೆಯ ಕಾಲದಲ್ಲಿ ಅದು ಕಾಳಿನ ಅಡತಿ ಅಂಗಡಿಯ ಹಿತ್ತಲಾಗಿತ್ತು. ಆಮೇಲೆ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಬೀಡು ಬಿಡುತ್ತಿದ್ದವು. ನಾನು ಬರುವ ಹೊತ್ತಿಗೆ ಕಂಪನಿಗಳು ನಿಂತುಹೋಗಿ, ಮದುವೆಯ ಊಟಕ್ಕೂ ಶಾಲೆಯ ಗ್ಯಾದರಿಂಗಿಗೂ ಬಾಡಿಗೆಗೆ ಕೊಡುತ್ತಿದ್ದರು.

ಆ ವರ್ಷ ಮಾವನಿಗೊಂದು ಹುಚ್ಚು ಹಿಡಿಯಿತು. ದಸರೆ ಮುಗಿದ ಮೇಲೆ ಸಂಕ್ರಮಣದ ತನಕ ಪ್ರತಿ ಐತವಾರ ಜನಪದ ಹಾಡು ಇಡಿಸಬೇಕು. ಹೊಲದಲ್ಲಿ, ಕಟ್ಟೆಯ ಮೇಲೆ ಹಾಡುವವರನ್ನು ಕರೆದು ರಂಗದ ಮೇಲೆ ಕೂಡಿಸಬೇಕು. ನೆಲೋಗಿಯಿಂದ ಚೌಡಕಿ ನುಡಿಸಿ ಹಾಡುವ ಹೆಂಗಸರು, ಭೀಮಾ ದಂಡೆಯಿಂದ ಲಾವಣಿಯವರು, ನಿಂಬರ್ಗಾದಿಂದ ಮೊಹರಮ್ಮಿನ ಹಾಡಿನ ಮೇಳ, ಜೇವರ್ಗಿಯ ತತ್ವಪದದ ಭಜನೆಯವರು. ಎಲ್ಲರಿಗೂ ಹೇಳಿಕಳಿಸಿದ್ದಾಗಿತ್ತು. ಭಿತ್ತಿಪತ್ರ ಬರೆಯುವ ಕೆಲಸ ನನ್ನದು.

“ಸ್ಪೀಕರ್ ಸೆಟ್ ಯಾವಾಗ ಹೇಳ್ತಿ ಮಾವ?” ಅಂತ ಕೇಳಿದೆ.

“ಸ್ಪೀಕರ್ ಯಾಕ ಬೇ? ಸಂತ್ಯಾಗ ಇಲಿ ಪಾಷಾಣ ಮಾರಾಕ ಕುಂತೇವೇನು? ನನ್ನ ಥೇಟರಿಗೆ ಅದರದೇ ದನಿ ಅದ. ನಿನಗ ಗೊತ್ತಿಲ್ಲ.”

ಅವನು ಹೇಳಿದ ದನಿ ಹಗೇವಿನದು. ರಂಗದ ನಟ್ಟನಡುವೆ, ಹಲಗೆಗಳ ಕೆಳಗೆ, ಅಡತಿಯ ಕಾಲದ ಒಂದು ಹಗೇವಿತ್ತು. ಜೋಳ ಖಾಲಿ ಮಾಡಿ ಅದರ ಮೇಲೆಯೇ ರಂಗ ಕಟ್ಟಿಸಿದ್ದರು. ಕಂಪನಿ ಇದ್ದಾಗ ಬಂಡೆಗಲ್ಲು ತೆಗೆದಿಟ್ಟು ಬರೀ ಹಲಗೆ ಹಾಸಿ ನಟರನ್ನು ನಿಲ್ಲಿಸುತ್ತಿದ್ದರಂತೆ. ಕೆಳಗಿನ ಟೊಳ್ಳಿಗೆ ದನಿ ತುಂಬಿ, ಮೇಲೆದ್ದು, ಹಿಂದಿನ ಬೆಂಚಿನವರಿಗೂ ಪಿಸುಮಾತು ಕೇಳಿಸುತ್ತಿತ್ತು ಅನ್ನುತ್ತಿದ್ದ ಮಾವ. ಕಂಪನಿ ಹೋದ ಮೇಲೆ ಬಂಡೆ ಮುಚ್ಚಿ, ಸುತ್ತ ಮಣ್ಣು ಮೆತ್ತಿ ಬಿಟ್ಟಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಹಾಡಿನ ಹಗೇವು ಎಂದೇ ಕರೆಯುತ್ತಿದ್ದರು.

ಮೊದಲ ಐತವಾರಕ್ಕೆ ಸರಸಂಬಾದ ಅಣ್ಣ ತಮ್ಮಂದಿರು. ಅಣ್ಣ ಹಾಡು ಎತ್ತುವವ, ತಮ್ಮ ಹಿಂದಿನ ದನಿ ಹಿಡಿಯುವವ. ಮಂದಿ ಬರುತ್ತಿದ್ದದ್ದು ತಮ್ಮನನ್ನು ಕೇಳಲು. ಅಣ್ಣ ಸೊಲ್ಲು ಮುಗಿಸಿ ಬಿಟ್ಟಲ್ಲಿಂದ ಅವನು ಒಂದೇ ದನಿಯನ್ನು ಎಳೆಯುತ್ತ ಹೋಗುತ್ತಿದ್ದ. ಇನ್ನು ಉಸಿರು ಮುಗಿಯಿತು ಎಂದು ಕೇಳುವವರ ಎದೆ ಬಿಗಿಯುವಾಗ ದನಿ ಪೂರಾ ನಿಲ್ಲುತ್ತಿತ್ತು. ಮಂದಿ ಮುಂದಕ್ಕೆ ಬಗ್ಗಿ ಕಾಯುತ್ತಿದ್ದರು. ಆಗ ಮತ್ತೆ ಅದೇ ಎತ್ತರದಲ್ಲಿ ದನಿ ಮೂಡುತ್ತಿತ್ತು. ಅಪ್ಪ ಅವ್ವ ಬೇಗ ಹೋದದ್ದರಿಂದ ಅಣ್ಣನೇ ಅವನನ್ನು ಹೆಗಲ ಮೇಲೆ ಹೊತ್ತು ಹಾಡಿಗೆ ಒಯ್ದು, ಒಕ್ಕಲುತನಕ್ಕೂ ಹಾಡಿಗೂ ತಯಾರು ಮಾಡಿದ್ದ. ಅಣ್ಣನಿಗೆ ಮಕ್ಕಳಿರಲಿಲ್ಲ.

ಅವರು ರಂಗ ನೋಡಲು ಬಂದದ್ದು ದಸರೆಗೆ ಇನ್ನೂ ಎರಡು ತಿಂಗಳಿರುವಾಗ, ಒಂದು ಶನಿವಾರ. ನನಗೆ ಮುಂಜಾನೆಯ ಶಾಲೆ. ಮಳೆ ಹೊರಪಾಗಿ ಬಿಸಿಲು ಬಿದ್ದಿತ್ತು. ಇಬ್ಬರ ಹಣೆಯಲ್ಲೂ ವಿಭೂತಿ, ಬೆಳ್ಳನೆಯ ಧೋತರ. ಅಣ್ಣ ದಪ್ಪ, ತಮ್ಮ ಜೋಳದ ದಂಟಿನಂತೆ ಉದ್ದಕ್ಕೆ ತೆಳ್ಳಗೆ.

ಮಾವ ಹಲಗೆ ಕೀಳಿಸಿದ. ಅಣ್ಣ ತಮ್ಮ ಕೂಡಿ ಹಾರೆ ಹಾಕಿ ಬಂಡೆ ಸರಿಸಿದರು. ಹುಳಿಹಿಟ್ಟಿನಂಥ ವಾಸನೆ ಬಂತು. ಮಾವ ಬಾಯಿಯ ಹತ್ತಿರ ಕೂತು ಚಪ್ಪಾಳೆ ತಟ್ಟಿದ. ದನಿ ಮೇಲೆ ಬರಲಿಲ್ಲ, ಒಳಗೇ ಕೂತಿತು.

“ಗೋಡಿಗೆ ಹೊದಿಸಿದ ಹುಲ್ಲು ಬಿದ್ದು ಕೊಳತದ,” ಎಂದ ತಮ್ಮ. “ತಳದಾಗ ರಾಡಿ ಆಗೇದ. ತೆಗದ್ರ ದನಿ ಬಿಡ್ತದ್ರಿ. ನಾ ಇಳೀತೇನಿ.”

“ನಾಳೆ ಆಳು ಕರಸ್ತೇನಿ ಬಿಡೊ,” ಎಂದ ಮಾವ.

“ಆಳು ಯಾಕ್ರಿ? ಗೌಡರ ಹಗೇವಿಗೆಲ್ಲ ಇಳದವ ನಾನು. ಅಣ್ಣನ ಹೊಟ್ಟಿ ಈ ಬಾಯಾಗ ಹಿಡಿಯಂಗಿಲ್ಲ.”

“ನನ್ನ ತಾಟಿನಾಗ ಉಂಡು ನನ್ನ ಹೊಟ್ಟಿ ಆಡಕೋತಾನ ನೋಡ್ರಿ ಅಕ್ಕೋರ,” ಎಂದ ಅಣ್ಣ ನನಗೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. “ಈ ಹಾಡು ಒಂದ ಮುಗೀಲಿ, ಇವಗ ಹೆಣ್ಣು ನೋಡಾವ ಇದ್ದೇನಿ. ಆಕಿ ತಾಟಿನಾಗ ಉಣ್ಣಲಿ.”

“ಆಕಿನೂ ಹಾಡಾಕಿ ಇರಬೇಕ್ರಿ ಮತ್ತ,” ಎಂದ ತಮ್ಮ.

“ಆಕಿ ಹಾಡಲೇಳಲೇ, ಮನ್ಯಾಗ ಭಾಂಡೆ ತಿಕ್ಕಾಕ ನೀ ಇದ್ದೀಯಲ್ಲ.”

ಎಲ್ಲರೂ ನಕ್ಕೆವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಮುಚ್ಚಿದ ಹಗೇವು ತೆರೆದರೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಒಳಗಿನದು ಕೆಟ್ಟ ಗಾಳಿ, ಯಾರೂ ಇಳಿಯುವುದಿಲ್ಲ. ಹಸಿರು ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಿ, ದೀಪ ಉರಿಯುವ ತನಕ ಕಾಯುತ್ತಾರೆ. ಇದು ಸಣ್ಣ ಹುಡುಗರಿಗೂ ಗೊತ್ತು. ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ತಮ್ಮನಿಗಂತೂ ಅದು ವರ್ಷವರ್ಷದ ಕೆಲಸ. ಆದರೆ ಕಂದೀಲು ಜೋಳದ ಹಗೇವಿನ ಪದ್ಧತಿ. ಇದರಲ್ಲಿ ಜೋಳ ಇದ್ದದ್ದು ಯಾವ ಕಾಲಕ್ಕೋ. ಇದು ಹಾಡಿನ ಹಗೇವು. ಬೆಳಕಿಗೆಂದು ಮಾವ ನಾಟಕದವರ ಬಣ್ಣದ ಕೋಣೆಯಿಂದ ಕನ್ನಡಿ ತಂದ. ಪಕ್ಕದ ಬಾಗಿಲಿನ ಬಿಸಿಲಿಗೆ ಅದನ್ನು ಹಿಡಿದು, ಬೆಳಕಿನ ತುಂಡನ್ನು ಹಗೇವಿನ ತಳಕ್ಕೆ ಬಿಟ್ಟು ನನ್ನ ಕೈಗೆ ಕೊಟ್ಟ. ತಳ ಸ್ಪಷ್ಟವಾಗಿ ಕಂಡಿತು. ಕಂದೀಲಿನ ಮಾತೇ ಬರಲಿಲ್ಲ.

ಹಗ್ಗ ಹಿಡಿದು ತಮ್ಮ ಇಳಿದ. ಎರಡಾಳು ಆಳ. ಸಲಿಕೆಯಿಂದ ರಾಡಿ ಕೆದರಿ ಬುಟ್ಟಿಗೆ ತುಂಬಿದ, ಅಣ್ಣ ಮೇಲೆ ಎಳೆದ. ಕೆಲವು ಬುಟ್ಟಿ ಬಂದ ಮೇಲೆ ಮಾವನಿಗೆ ತಡೆಯಲಾಗಲಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕೂತ.

“ಒಂದು ಸೊಲ್ಲು ಹಾಡ್ರಿ ನೋಡೂಣು.”

ಅಣ್ಣ ಬಾಯಿಯ ಪಕ್ಕ ನಿಂತು ಎತ್ತಿದ. ಒಳಗಿನಿಂದ ತಮ್ಮನೂ ದನಿ ಕೂಡಿಸಿದ. ಆ ನಾದವನ್ನು ಹೇಗೆ ಬರೆಯಲಿ ಗೊತ್ತಾಗುವುದಿಲ್ಲ. ನನ್ನ ಅಂಗಾಲಿನ ಕೆಳಗಿನ ಹಲಗೆ ನಡುಗುತ್ತಿತ್ತು. ತಗಡು ಗುಂಯ್ಯೆನ್ನುತ್ತಿತ್ತು. ಮಾವ ಕಣ್ಣು ಮುಚ್ಚಿದ್ದ. ಅಣ್ಣ ತನ್ನ ಸಾಲು ಬಿಟ್ಟ, ತಮ್ಮ ಎಳೆದ, ಎಳೆದ, ದನಿ ನಿಂತಿತು.

ನಾವು ಕಾದೆವು. ಅಣ್ಣ ನನ್ನ ಕಡೆ ತಿರುಗಿ ಒಂದು ಬೆರಳೆತ್ತಿ, ತಡೀರಿ, ಈಗ ಬರ್ತದ ಎಂಬಂತೆ ನಕ್ಕ.

ಆ ಬೆರಳು ನನಗೆ ಈಗಲೂ ಕಾಣುತ್ತದೆ. ತರಗತಿಯಲ್ಲಿ ಯಾವುದಾದರೂ ಹುಡುಗ ಉತ್ತರ ಹೇಳಲು ಬೆರಳೆತ್ತಿದಾಗ ಅದೇ ಕಂಡದ್ದಿದೆ.

“ಸಾಕ ಬಿಡಲೇ,” ಎಂದ ಅಣ್ಣ ಕೆಳಗೆ ನೋಡದೆಯೇ. “ಅಕ್ಕೋರು ಹೆದರತಾರ.”

ನಾನು ಕನ್ನಡಿ ಸ್ವಲ್ಪ ಓರೆ ಮಾಡಿದೆ. ಬೆಳಕಿನ ತುಂಡು ಗೋಡೆಯ ಮೇಲಿಂದ ಜಾರಿ ಅವನ ಮೇಲೆ ಬಿತ್ತು. ಕಾಲು ಮಡಚಿ ರಾಡಿಯಲ್ಲಿ ಕೂತಿದ್ದ. ಹಣೆ ಗೋಡೆಗೆ ಆನಿತ್ತು. ಬಾಯಿ ಇನ್ನೂ ಹಾಡುವವನಂತೆ ತೆರೆದೇ ಇತ್ತು.

ನಾನು ಏನು ಕೂಗಿದೆನೋ ತಿಳಿಯದು. ಅಣ್ಣ ಬಗ್ಗಿ ನೋಡಿದ. ಮರುಕ್ಷಣ ಬಾಯಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟಿದ್ದ. ದಪ್ಪ ಮನುಷ್ಯ, ಸೊಂಟ ಒಂದು ಗಳಿಗೆ ಸಿಕ್ಕಿಕೊಂಡಿತು. ನಾನು ಕನ್ನಡಿ ಬಿಟ್ಟು ಹಿಂದಿನಿಂದ ಅವನನ್ನು ತಬ್ಬಿ ಅಂಚಿಗೆ ಜಗ್ಗಿ ಬೆರಳು ಹೆಣೆದೆ.

“ಬಿಡ್ರಿ.”

“ಬಿಡಬ್ಯಾಡ ಬೇ,” ಎಂದು ಮಾವ ಬೆಂಚು ದಾಟುತ್ತ ಒದರಿದ. “ಬಿಟ್ಟರ ಇವನೂ ಹೋಗ್ತಾನ.”

“ಬಿಡ್ರಿ ಅಕ್ಕೋರ, ಕಾಲಿಗೆ ಬೀಳ್ತೇನಿ, ಬಿಡ್ರಿ.”

ಅವನು ಮೊಳಕೈ ಬೀಸಿದಾಗ ನನ್ನ ತುಟಿ ಒಡೆಯಿತು. ಒಡೆದ ಕನ್ನಡಿಯ ಚೂರಿನ ಮೇಲೆ ನನ್ನ ಮೊಣಕಾಲಿತ್ತು. ಅವನ ಭಾರಕ್ಕೆ ನಾನೂ ಅಂಚಿನ ಕಡೆಗೆ ಜಾರುತ್ತಿದ್ದೆ. ಬಿಟ್ಟರೆ ಅವನು ಸಾಯುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಹಿಡಿದಷ್ಟು ಹೊತ್ತೂ ಕೆಳಗಿನವನು ಸಾಯುತ್ತಿದ್ದಾನೆ ಎಂಬುದೂ ಇತ್ತು.

ಮಾವ ಕಂದೀಲು ಹಚ್ಚಿ ತಂದು ಅವನ ಮುಖದ ಮುಂದೆಯೇ ಇಳಿಬಿಟ್ಟ. ರಾಡಿ ಕೆದರಿದಾಗ ಎದ್ದ ಗಾಳಿ ಮೇಲಿನ ತನಕ ತುಂಬಿತ್ತು. ಹಗೇವಿನ ಕುತ್ತಿಗೆ ದಾಟುವುದರೊಳಗೆ ದೀಪ ಸಣ್ಣದಾಗಿ, ನೀಲಿಯಾಗಿ, ಆರಿತು. ಅಣ್ಣ ಅದನ್ನು ನೋಡಿದ. ಅವನ ಮೈ ನನ್ನ ತೋಳಿನಲ್ಲಿ ಸಡಿಲಾಯಿತು. ಆಮೇಲೆ ಅವನು ಜಗ್ಗಾಡಲಿಲ್ಲ.

ಮಾವನ ಕೂಗಿಗೆ ಓಣಿಯ ಮಂದಿ ಬಂದರು. ಒಬ್ಬರು ಒದ್ದೆ ಕಂಬಳಿ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಬೀಸಿದರು. ಪಕ್ಕದ ಮನೆಯವರು ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದರು. ಆ ಕಬ್ಬಿಣದ ಕೊಕ್ಕೆಗಳಿಂದ ಅವನನ್ನು ಹುಡುಕಿದರು. ಮೊದಲ ಸಲ ಅಂಗಿ ಸಿಕ್ಕು ಹರಿಯಿತು. ಎರಡನೆಯ ಸಲ ಧೋತರದ ಗಂಟಿಗೆ ಕಚ್ಚಿತು. ಕೊಡ ಎತ್ತುವ ಹಾಗೆ ಎತ್ತಿದರು. ತಲೆ ಹಗೇವಿನ ಕುತ್ತಿಗೆಗೆ ತಾಗಿತು, ಮತ್ತೆ ಇಳಿಸಿ ಓರೆ ಮಾಡಿ ಎಳೆದರು. ಹೊರಗೆ ಬಂದಾಗ ಮುಖ ನೀಲಿ. ಅಣ್ಣ ಅವನ ಬಾಯಿಯೊಳಗೆ ಬೆರಳು ಹಾಕಿ ರಾಡಿ ತೆಗೆದು, ಎದೆ ಒತ್ತಿ, ಹೆಸರು ಹಿಡಿದು ಕರೆಯುತ್ತಿದ್ದ. ಬಹಳ ಹೊತ್ತಿನ ಮೇಲೆ ಗೊರಕೆಯಂಥ ಒಂದು ಉಸಿರು ಬಂತು.

ಆಳಂದದ ದವಾಖಾನೆಯಿಂದ ಯಾರದೋ ಜೀಪಿನಲ್ಲಿ ಗುಲಬರ್ಗಾಕ್ಕೆ ಒಯ್ದರು. ಬದುಕಿದ ಎಂಬ ಸುದ್ದಿ ಬಂದಾಗ ಮಾವ ಗೋಡೆಗೆ ಮುಖ ಮಾಡಿ ಅತ್ತ. ಮರುದಿನವೇ ಬಂಡಿ ಬಂಡಿ ಮೊರಂ ತರಿಸಿ ಹಗೇವು ತುಂಬಿಸಿದ. ಚಹಾದ ಅಂಗಡಿಯಲ್ಲಿ ಮಾತ್ರ ಬೇರೆ ಮಾತು. ಅಕ್ಕೋರು ಪರಗಂಡಸನ್ನು ತೆಕ್ಕೆಬಡಿದು ಹಿಡಿದಿದ್ದರಂತೆ, ಬಿಡು ಅಂದರೂ ಬಿಡಲಿಲ್ಲವಂತೆ. ಆ ರಸ್ತೆ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ. ಕನಸಿನಲ್ಲಿ ಕೆಲವೊಮ್ಮೆ ಅವನನ್ನು ಹಿಡಿದ ನನ್ನ ಬೆರಳು ಬಿಚ್ಚಿಹೋಗುತ್ತಿದ್ದವು.

ದಸರೆ ಹತ್ತಿರ ಬಂತು. ಬೇರೆ ಮೇಳದವರು ಬರುತ್ತೇವೆ ಎಂದೇ ಹೇಳಿದ್ದರು. ಮಾವ ಸ್ಪೀಕರ್ ಸೆಟ್ಟಿಗೆ ಹೇಳಿದ. ಮೊದಲ ಐತವಾರದ ಭಿತ್ತಿಪತ್ರ ಮಾತ್ರ ಹಾಗೇ ಸುರುಳಿ ಸುತ್ತಿ ಇಟ್ಟಿತ್ತು. ಅಂಟಿಸಬೇಕೋ ಬೇಡವೋ ಕೇಳಿ ಬರಲು ನಾನೇ ಸರಸಂಬಾಕ್ಕೆ ಬಸ್ಸು ಹತ್ತಿದೆ. ಮಾವನಿಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಪಡಸಾಲೆಯಲ್ಲಿ ಕಂಬಕ್ಕೆ ಆನಿಕೊಂಡು ತಮ್ಮ ಕೂತಿದ್ದ. ಮೈ ತುಂಬಿಕೊಂಡಿತ್ತು, ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಅಣ್ಣ ಅವನ ಮುಂದೆ ತಾಟು ಇಟ್ಟುಕೊಂಡು ರೊಟ್ಟಿ ಮುರಿದು, ತೊಗರಿ ಬೇಳೆಯಲ್ಲಿ ನೆನೆಸಿ, ತುತ್ತು ಮಾಡಿ ಬಾಯಿಗೆ ಇಡುತ್ತಿದ್ದ. ನನ್ನನ್ನು ಕಂಡು ಎದ್ದ. ಕಂಬಳಿ ಹಾಸಿದ.

“ಕೈ ನಡಗ್ತಾವ. ಕೆಲವು ಮಂದಿ ಗುರುತು ಹತ್ತಾರ, ಕೆಲವು ಮಂದಿ ಹತ್ತಂಗಿಲ್ಲ,” ಎಂದ. “ಡಾಕ್ಟರು, ಭಾಳ ಹೊತ್ತು ಉಸಿರಿಲ್ಲದ ಇದ್ದ, ಅದಕ್ಕ ಅಂದ್ರು.”

ನಾನು ಭಿತ್ತಿಪತ್ರವನ್ನು ಚೀಲದಿಂದ ತೆಗೆಯಲಿಲ್ಲ.

“ಅಕ್ಕೋರ, ಒಂದು ಹೇಳ್ತೇನಿ, ತಪ್ಪ ತಿಳೀಬ್ಯಾಡ್ರಿ.” ಅವನು ನೆಲ ನೋಡುತ್ತಿದ್ದ. “ನೀವು ಬಿಟ್ಟಿದ್ರ ನಾನೂ ಹೋಗ್ತಿದ್ದೆ. ದೀಪ ಆರಿದ್ದು ಈ ಕಣ್ಣಿಲೇ ನೋಡೇನಿ. ನಾ ಹೋಗಿದ್ರ ಇವಗ ಯಾರು? ಎಲ್ಲಾ ತಿಳೀತದ. ಆದ್ರ ದಿನಾ ಇವಗ ತುತ್ತು ಹಾಕೂಮುಂದ ನಿಮ್ಮ ಮ್ಯಾಲ ಸಿಟ್ಟು ಬರ್ತದ. ಬರಬಾರದು, ಬರ್ತದ. ನಾ ಜಲ್ದಿ ಇಳದಿದ್ರ ಅಂತ. ಹೊಟ್ಯಾಗ ಇಟ್ಕೊಂಡು ಕುಂತ್ರ ಇನ್ನೂ ಕೆಟ್ಟ, ಅದಕ್ಕ ಹೇಳಿದೆ.”

“ಬರಲಿ,” ಎಂದೆ.

“ಉಂಡು ಹೋಗ್ರಿ.”

ಅವನ ಹೆಂಡತಿ ನನಗೂ ತಾಟು ತಂದಿಟ್ಟಳು. ತಮ್ಮ ನನ್ನನ್ನೇ ನೋಡುತ್ತಿದ್ದ.

“ಯಾರು ಇವ್ರು?”

“ಆಳಂದದ ಅಕ್ಕೋರು.”

“ಯಾಕ ಬಂದಾರ?”

“ಹಾಡಾಕ ಕರಿಯಾಕ.”

“ಯಾರನ್ನ?”

ಅಣ್ಣ ಇನ್ನೊಂದು ತುತ್ತು ಮಾಡುತ್ತಿದ್ದ. ಬೇಳೆ ಬೆರಳ ಸಂದಿಯಿಂದ ಸೋರಿ ತಾಟಿಗೆ ಬಿತ್ತು. “ನಮ್ಮನ್ನ,” ಎಂದ.

ತಮ್ಮನ ಮುಖ ಅರಳಿತು, ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬಂದವರ ಮನಸ್ಸು ನೋಯಿಸಬಾರದು ಎಂಬ ಸಂಕೋಚದಲ್ಲಿ, ಬಹಳ ಮೆಲ್ಲಗೆ, “ನಂಗ ಹಾಡು ಬರಂಗಿಲ್ರಿ” ಎಂದ.

ಮಜ್ಜಿಗೆ ತರುತ್ತೇನೆಂದು ಅಣ್ಣ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ತಾಟಿನಲ್ಲಿ ರೊಟ್ಟಿ ಅರ್ಧ ಉಳಿದಿತ್ತು. ಬಾಯಿ ತೆರೆದು ತಮ್ಮ ಕಾಯುತ್ತಿದ್ದ. ಕೊನೆಗೆ ನಾನೇ ಎಡಗೈಯಿಂದ ಸೆರಗು ಸಿಕ್ಕಿಸಿ, ಒಂದು ತುತ್ತು ಮಾಡಿ ಅವನ ಬಾಯಿಗಿಟ್ಟೆ.