ಸ್ಪಂದನಾ ತಾನೇ ಕೊಟ್ಟ ದೂರು

ಶ್ರೀನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಗೌರೀಶಂಕರ ಅವರ ಮಗಳು ಸ್ಪಂದನಾ ಜೋರು ಹುಡುಗಿ ಅಂತಲೇ ಹೆಸರಾದವಳು. ಆಟೋದವರು ಮೀಟರ್‌ಗಿಂತ ಹೆಚ್ಚು ಕೇಳಿದರೆ ಇಳಿದು ನಿಂತು ವಾದ ಮಾಡುತ್ತಿದ್ದಳು. ಜಯನಗರದ ಕಾಲೇಜಿನಲ್ಲಿ ಬಿಕಾಂ ಓದುತ್ತ ಥ್ರೋಬಾಲ್ ಟೀಮಿಗೆ ಕ್ಯಾಪ್ಟನ್ ಆಗಿದ್ದಳು. ಅಂಥವಳು ಒಬ್ಬ ಹುಡುಗನಿಗೆ ಹೆದರಿಕೊಂಡು ಓಡಾಡುತ್ತಿದ್ದಾಳೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಅವಳಿಗೂ ಅದು ಗೊತ್ತಾಗಿರಲಿಲ್ಲ.

ಭಾರ್ಗವ ಅವಳ ಸೀನಿಯರ್. ಅವಳ ಮ್ಯಾಚ್‌ಗಳಿಗೆ ತಪ್ಪದೆ ಬರುತ್ತಿದ್ದ, ಚೆನ್ನಾಗಿ ಮಾತಾಡುತ್ತಿದ್ದ. "ಲೊಕೇಶನ್ ಆನ್ ಇಟ್ಟಿರು, ಸೇಫ್ಟಿಗೆ" ಅಂದಾಗ ಅವಳಿಗೆ ಅದು ಕಾಳಜಿ ಅನ್ನಿಸಿತು. ಆಮೇಲೆ ಪಾಸ್‌ವರ್ಡ್ ಕೇಳಿದ. ಕ್ಲಾಸಿನ ಹುಡುಗರ ನಂಬರುಗಳನ್ನು ತಾನೇ ಅಳಿಸಿದ. ಫೋನ್ ಎತ್ತುವುದು ತಡವಾದರೆ ಮಾತು ಬಿಡುತ್ತಿದ್ದ. ಅವಳು ಅತ್ತು ಕ್ಷಮೆ ಕೇಳಿದರೆ ಮತ್ತೆ ಅದೇ ಹಳೆಯ ಪ್ರೀತಿ. ಶಾರ್ಟ್ಸ್ ಹಾಕಿ ಎಲ್ಲರೆದುರು ಆಡಬೇಡ ಅಂದಾಗ ಟೀಮ್ ಬಿಟ್ಟಳು. ಮನೆಯಲ್ಲಿ ಮಾತ್ರ ಓದೋಕೆ ಟೈಮ್ ಸಾಲ್ತಿಲ್ಲ ಅಂತ ಹೇಳಿದಳು.

ಒಂದು ಸಂಜೆ ಜಯನಗರ ಫೋರ್ತ್ ಬ್ಲಾಕ್ ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರ ಅವನು ಫೋನ್ ಕೇಳಿದ, ಅವಳು ಕೊಡಲಿಲ್ಲ. ಕೈ ತಿರುಚಿ ಕಿತ್ತುಕೊಂಡ. ಸುತ್ತ ಜನ ನೋಡುತ್ತಿದ್ದರು. ಅವಳು ನಕ್ಕಳು, ಇದೆಲ್ಲ ತಮಾಷೆ ಅನ್ನುವ ಹಾಗೆ.

ಮರುದಿನ ಕ್ಯಾಂಟೀನಿನಲ್ಲಿ ಅವಳ ಟೀಮಿನ ಗೆಳತಿ ಸಮನ್ವಿತಾ ಆ ಕೈ ಮೇಲೆ ಮೂಡಿದ್ದ ಬೆರಳಿನ ಗುರುತು ನೋಡಿದಳು.

"ಬಾಗಿಲಿಗೆ ಸಿಕ್ಕಿಬಿಡ್ತು" ಅಂದಳು ಸ್ಪಂದನಾ.

"ಬಾಗಿಲಿಗೆ ಬೆರಳು ಇರ್ತಾವಾ?"

"ಅವನೇನು ಹೊಡೆದಿಲ್ಲ ಕಣೆ. ಸ್ವಲ್ಪ ಪೊಸೆಸಿವ್ ಅಷ್ಟೆ. ನಂದೂ ತಪ್ಪಿದೆ."

"ಸರಿ. ಇದನ್ನೆಲ್ಲ ಯಾವನೋ ಒಬ್ಬ ನಂಗೆ ಮಾಡಿದ್ದ ಅಂದ್ಕೋ. ನೀನು ಏನ್ ಮಾಡ್ತಿದ್ದೆ?"

"ಅವನ ಮನೆ ಬಾಗಿಲಿಗೇ ಹೋಗಿ ಜಗಳ ಆಡ್ತಿದ್ದೆ" ಅಂದವಳು ತನ್ನ ಕೈಯನ್ನೇ ನೋಡಿಕೊಂಡಳು. ಎದುರಿನ ಕಾಫಿ ಆರಿಹೋಯಿತು. ಆಮೇಲೆ ಸಮನ್ವಿತಾ ಅವಳನ್ನು ಎಬ್ಬಿಸಿಕೊಂಡು ಕಾಲೇಜಿನ ಕೌನ್ಸೆಲರ್ ಸೀತಾಲಕ್ಷ್ಮಿ ಮೇಡಂ ಹತ್ತಿರ ಕರೆದೊಯ್ದಳು.

ಮೇಡಂ ಬೈಯಲಿಲ್ಲ, ಅವನನ್ನು ಬಿಟ್ಟುಬಿಡು ಅಂತಲೂ ಹೇಳಲಿಲ್ಲ. ಎಲ್ಲ ಕೇಳಿಸಿಕೊಂಡು, "ಅವನಿಗೆ ಇಲ್ಲ ಅನ್ನೋಕೆ ನಿಂಗೆ ಭಯ ಆಗತ್ತಾ?" ಅಂತ ಕೇಳಿದರು. ಸ್ಪಂದನಾ ಹೌದೆಂದು ತಲೆಯಾಡಿಸಿದಳು.

"ಹೊಡೆದ್ರೆ ಮಾತ್ರ ದೌರ್ಜನ್ಯ ಅಂತಲ್ಲ. ಇದೂ ದೌರ್ಜನ್ಯವೇ. ತಪ್ಪು ನಿಂದಲ್ಲ" ಅಂದರು. ಪಾಸ್‌ವರ್ಡ್ ಬದಲಾಯಿಸು, ಮೆಸೇಜ್ ಒಂದನ್ನೂ ಅಳಿಸಬೇಡ, ಬಿಡೋ ಮಾತು ಹೇಳೋಕೆ ಒಬ್ಬಳೇ ಹೋಗಬೇಡ, ಮನೆಯಲ್ಲಿ ಒಬ್ಬರಿಗಾದರೂ ತಿಳಿಸು ಅಂತ ಬಿಡಿಸಿ ಹೇಳಿದರು.

ಮನೆಯಲ್ಲಿ ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಕಾಲೇಜು ಬಿಡಿಸಿಬಿಟ್ಟರೆ? ಕೊನೆಗೂ ಅವಳು ಹೇಳಿ ಮುಗಿಸಿದಾಗ ಅಮ್ಮ ಕಮಲಾದೇವಿ ಹತ್ತಿರ ಬಂದು ಕೂತರು. ಆಮೇಲೆ "ಕೈ ತೋರ್ಸು" ಅಂದರು. ಅಪ್ಪ ಸ್ಕೂಟರ್ ಕೀ ತಗೊಂಡು ಎದ್ದೇಬಿಟ್ಟರು.

"ಅಪ್ಪಾ, ನೀವು ಹೋದ್ರೆ ಅದು ನಿಮ್ಮಿಬ್ಬರ ಜಗಳ ಆಗತ್ತೆ. ದೂರು ನಾನೇ ಕೊಡ್ತೀನಿ. ನೀವು ಜೊತೆಗೆ ಬನ್ನಿ, ಸಾಕು" ಅಂದಳು ಸ್ಪಂದನಾ. ಗೌರೀಶಂಕರ ಕೀ ಕೆಳಗಿಟ್ಟು ಕುಳಿತರು.

ಅಮ್ಮನ ಪಕ್ಕದಲ್ಲಿ ಕೂತೇ ಅವಳು ಭಾರ್ಗವನಿಗೆ ಮೆಸೇಜ್ ಕಳಿಸಿದಳು: ಇಲ್ಲಿಗೆ ಮುಗೀತು, ಇನ್ನು ನನ್ನ ಹತ್ತಿರ ಬರಬೇಡ. ಅವನು ಮೊದಲು ಸಾರಿ ಅಂದ. ಆಮೇಲೆ ಸಾಯ್ತೀನಿ ಅಂದ. ಕೊನೆಗೆ, ನೀನು ನಂಗೊಬ್ಬನಿಗೆ ಅಂತ ಕಳಿಸಿದ ಫೋಟೊ ಎಲ್ಲರಿಗೂ ಕಳಿಸ್ತೀನಿ ಅಂದ. ಅವಳು ಅದನ್ನೂ ಅಳಿಸದೆ ಇಟ್ಟುಕೊಂಡಳು. ಮೇಡಂಗೆ ಫೋನ್ ಮಾಡಿದಳು.

"ಸಾಯ್ತೀನಿ ಅಂದಿದ್ದನ್ನ ಅವನ ಮನೆಯವರಿಗೆ ಈಗಲೇ ತಿಳಿಸ್ತೀನಿ. ಅವನನ್ನ ನೋಡ್ಕೊಳ್ಳೋದು ನಿನ್ನ ತಲೆ ಮೇಲಿಲ್ಲ. ಫೋಟೊ ವಿಷಯ ಪೊಲೀಸರಿಗೆ ಬಿಡು. ಅದು ಅಪರಾಧ" ಅಂದರು ಮೇಡಂ.

ಸ್ಕ್ರೀನ್‌ಶಾಟ್‌ಗಳ ಜೊತೆ ಸ್ಪಂದನಾ ಕಾಲೇಜಿನ ದೌರ್ಜನ್ಯ ತಡೆ ಸಮಿತಿಗೂ ಪೊಲೀಸ್ ಸ್ಟೇಷನ್ನಿಗೂ ದೂರು ಕೊಟ್ಟಳು. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಭಾರ್ಗವ ತನ್ನ ತಂದೆಯ ಜೊತೆ ಸ್ಟೇಷನ್ನಿಗೆ ಬರಬೇಕಾಯಿತು. ಫೋಟೊ ಎಲ್ಲಿಗೂ ಹೋಗುವ ಮೊದಲೇ ಪೊಲೀಸರು ಅವನ ಫೋನ್ ತೆಗೆದುಕೊಂಡರು. ಕಾಲೇಜು ಅವನನ್ನು ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಒಳಗೆ ಬಿಡಲಿಲ್ಲ. ಆದರೂ ಒಂದು ದಿನ ಬಸ್ ಸ್ಟಾಪಿನಲ್ಲಿ ಬಂದು ನಿಂತ. ಟೀಮಿನ ಹುಡುಗಿಯರು ಅವಳ ಅಕ್ಕಪಕ್ಕ ನಿಂತರು. ಅವಳು ಅವನ ಕಣ್ಣೆದುರೇ ಪೊಲೀಸರಿಗೆ ಫೋನ್ ಹಚ್ಚಿದಳು. ಅವನು ಬೈಕ್ ತಿರುಗಿಸಿಕೊಂಡು ಹೋದ. ಮತ್ತೆ ಬರಲಿಲ್ಲ.

ಇಷ್ಟಾದರೂ ಕೆಲವು ಸಂಜೆ ಅವಳಿಗೆ ಅವನ ನೆನಪಾಗಿ ಅಳು ಬರುತ್ತಿತ್ತು. ನಾಚಿಕೆ ಬಿಟ್ಟು ಅದನ್ನೂ ಮೇಡಂಗೆ ಹೇಳಿದಳು. "ಬರತ್ತೆ. ನೆನಪಾಯ್ತು ಅಂತ ವಾಪಸ್ ಹೋಗಬೇಕಾಗಿಲ್ಲ" ಅಂದರು ಅವರು.

ಅವಳು ಟೀಮಿಗೆ ಮರಳಿದಾಗ ಸಿರಿ ಅನ್ನುವ ಜೂನಿಯರ್ ಕ್ಯಾಪ್ಟನ್ ಆಗಿದ್ದಳು. ಸ್ಪಂದನಾ ಹಿಂದಿನ ಸಾಲಿನಲ್ಲಿ ಖುಷಿಯಾಗಿ ಆಡಿದಳು. ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಮುಂದೆ ನಿನ್ನ ಅನುಭವ ಹೇಳ್ತೀಯಾ ಅಂತ ಮೇಡಂ ಕೇಳಿದಾಗ ಸ್ವಲ್ಪ ಯೋಚಿಸಿದಳು.

"ಮೈಕ್ ಹಿಡಿದು ಬೇಡ ಮೇಡಂ. ಯಾರಾದ್ರೂ ಕೇಳ್ಕೊಂಡು ಬಂದ್ರೆ ನನ್ನ ನಂಬರ್ ಕೊಡಿ. ಕೂತ್ಕೊಂಡು ಮಾತಾಡ್ತೀನಿ."

ಮೇಡಂ ಆಗಲಿ ಅಂದರು. ಸ್ಪಂದನಾ ಬ್ಯಾಗ್ ಹೆಗಲಿಗೇರಿಸಿಕೊಂಡು ಪ್ರಾಕ್ಟೀಸಿಗೆ ಹೊರಟಳು.