ಅವ್ವ ಎಂದ ಡಾಕ್ಟರು

ನನಗೆ ಅನುಮಾನ ಜಾಸ್ತಿ. ತರಕಾರಿಯವನು ಕೇಳದೆ ಕೊತ್ತಂಬರಿ ಕೊಟ್ಟರೆ ಟೊಮೇಟೊ ಕೊಳೆತಿದೆಯೇನೋ ಎಂದು ಚೀಲ ತಡಕುವವಳು ನಾನು. ಹಾಗಾಗಿ ಚಾಮರಾಜನಗರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ನಮ್ಮವ್ವನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಾಗಲೇ ನನ್ನ ಕಿವಿ ನೆಟ್ಟಗಾಯಿತು.

ಅವ್ವ ನಮ್ಮೂರು ಉಡಿಗಾಲದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಡಾಕ್ಟರು ಅವಳ ಎಡಗೈ ಹಿಡಿದು, "ಅವ್ವ, ಊಟ ಆಯ್ತಾ? ಅರಿಶಿನ ಕಿತ್ತಾಯ್ತಾ?" ಎಂದು ವಿಚಾರಿಸಿದರು. ಸಿಮೆಂಟ್ ಪಟ್ಟಿ ಹಾಕಿ, ತಮ್ಮದೇ ಮೊಬೈಲ್ ನಂಬರು ಬರೆದುಕೊಟ್ಟು, "ಏನೇ ಇದ್ರೂ ಫೋನ್ ಮಾಡಿ" ಎಂದರು. ಅತಿ ವಿನಯ ಧೂರ್ತ ಲಕ್ಷಣ ಎಂದುಕೊಂಡೆ. ಹೊರಡುವಾಗ ಕೌಂಟರಿನವಳು ಕಾಗದವೊಂದನ್ನು ಮುಂದಿಟ್ಟಳು. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ ಎಂದು ಶುರುವಾಗಿ ಹತ್ತು ಪ್ರಶ್ನೆ.

"ಎಲ್ಲಕ್ಕೂ ಚೆನ್ನಾಗದೆ ಅಂತ ಗೀಚಮ್ಮಿ" ಎಂದಳು ಅವ್ವ. ಗೀಚಿದೆ.

ಅವಳನ್ನು ಗುಂಡ್ಲುಪೇಟೆಯ ನನ್ನ ಮನೆಗೆ ಕರೆತಂದೆ. ಮಾರನೆಯ ದಿನ ಬೆರಳುಗಳು ಊದಿದವು. ಮೂರನೆಯ ದಿನ, ಮುಟ್ಟಿದರೂ ಗೊತ್ತಾಗುತ್ತಿಲ್ಲ ಎಂದಳು. ನಾನು ಫೋನ್ ಎತ್ತಿಕೊಂಡರೆ ಎಡಗೈಯಿಂದ ಕಿತ್ತುಕೊಂಡಳು.

"ಬ್ಯಾಡ ಬುಡಮ್ಮಿ. ಅಷ್ಟು ಚೆಂದಾಗಿ ಮಾತಾಡ್ಸುದ್ರು. ಪಟ್ಟಿ ಸರ್ಯಾಗಿಲ್ಲ ಅಂದ್ರೆ ಪಾಪ, ನೊಂದ್ಕಳಾಕಿಲ್ವಾ?"

ನಮ್ಮ ಕಡೆ ಬೀಗರ ಮನೆಯ ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಎಂದು ಉಂಡು ಬರುತ್ತಾರೆ. ಅವ್ವ ಡಾಕ್ಟರನ್ನೂ ಬೀಗರ ಸಾಲಿಗೆ ಸೇರಿಸಿಬಿಟ್ಟಿದ್ದಳು. ಊರನ್ನೆಲ್ಲ ಅನುಮಾನಿಸುವ ನಾನೂ ಅವಳ ಮಾತು ಕೇಳಿ ಸುಮ್ಮನಾದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕನೆಯ ದಿನ ಬೆರಳುಗಳ ಬಣ್ಣ ತಿರುಗಿತು. ಹೆದರಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಅವರು ನಮ್ಮ ಮುಖವನ್ನೂ ನೋಡಲಿಲ್ಲ. "ಬೆರಳು ನೀಲಿ ಆಗೋವರೆಗೂ ಏನ್ರೀ ಮಾಡ್ತಿದ್ರಿ? ಕತ್ತೆ ಕಾಯ್ತಿದ್ರಾ?" ಎಂದು ಗದರುತ್ತಲೇ ಪಟ್ಟಿ ಕೊಯ್ದು, ಸಡಿಲವಾಗಿ ಬೇರೆ ಕಟ್ಟಿದರು. ಮೊದಲಿನ ಪಟ್ಟಿ ಬಿಗಿಯಾಗಿ ರಕ್ತ ಓಡಾಡುತ್ತಿರಲಿಲ್ಲವಂತೆ. ಕೈ ಉಳಿಯಿತು. ಎರಡು ಬೆರಳು ಮಡಚಲು ಬಾರದಂತಾದವು.

ಹೊರಗೆ ಬಂದವಳೇ ಅವ್ವ, "ಇವನ ಮ್ಯಾಲೆ ಒಂದು ಕಂಪ್ಲೇಂಟ್ ಬರಿಯಮ್ಮಿ. ಏನ್ ಬಾಯಿ ಅಂತೀನಿ!" ಎಂದಳು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದು ಸುಳ್ಳಲ್ಲ. ಜಗಳ ಬಂದದ್ದು ಕೈ ಉಳಿಸಿದವರ ಮೇಲೆ.

ಒಂದೂವರೆ ತಿಂಗಳ ಮೇಲೆ, ಪಟ್ಟಿ ಬಿಚ್ಚಿಸಲು ಬರಹೇಳಿದ್ದ ದಿನ, ಚಾಮರಾಜನಗರಕ್ಕೆ ಹೋದೆವು. ಡಾಕ್ಟರ ಕೋಣೆಗೆ ಹೋಗುವ ಮುಂಚೆ ಅವ್ವ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಕೈ ಹೇಗಿದೆ ಅವ್ವ?" ಎಂದರು ಡಾಕ್ಟರು, ಅದೇ ನಗುವಿನಲ್ಲಿ.

"ಚೆನ್ನಾಗದೆ ಕಣಪ್ಪ."

ಕೈ ತೋರಿಸಿ ಎನ್ನಲಿಲ್ಲ. ಪಟ್ಟಿ ಬಿಚ್ಚಬೇಕು ಎಂದೂ ಹೇಳಲಿಲ್ಲ. ಮುರಿದ ಕೈಯನ್ನು ನೋಡದೆಯೇ ಕಳಿಸುವ ಡಾಕ್ಟರು ಯಾರಿದ್ದಾರೆ? ಇವರಿಗೆ ವಿಷಯ ಗೊತ್ತು ಅನ್ನಿಸಿತು. ಸರಕ್ಕನೆ ಸೆರಗು ಎಳೆದು, "ಮುಷ್ಟಿ ಕಟ್ಟವ್ವ" ಎಂದೆ. ಮೂರು ಬೆರಳು ಮಡಚಿದವು.

ಡಾಕ್ಟರು ಉಳಿದೆರಡು ಬೆರಳನ್ನು ತಾವೇ ಮಡಚಲು ನೋಡಿದರು. ಆಮೇಲೆ ನರ್ಸ್ ಕಡೆ ತಿರುಗಿ, "ಈ ಪೇಶೆಂಟ್ ಫೈಲ್ ತಗೊಂಬನ್ನಿ" ಎಂದರು. ನಾವು ಹೊರಡುವತನಕ ಅವರ ಬಾಯಿಂದ ಅವ್ವ ಎಂಬ ಮಾತು ಮತ್ತೆ ಬರಲಿಲ್ಲ.

ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ತಿರುಗಿಕೊಂಡು ಅಳುತ್ತಿದ್ದಳು. ಕೊನೆಗೂ ಕೈಯ ಸಂಕಟ ತಟ್ಟಿತು ಎಂದುಕೊಂಡು ಅವಳ ಹೆಗಲು ಹಿಡಿದೆ. ಕೊಡವಿಕೊಂಡಳು.

"ಅವ್ರ ಮೊಕ ನೋಡ್ದಾ, ಎಷ್ಟು ಸಣ್ಣಗಾಗೋಯ್ತು! ನೀನು ಅಂಗೆ ಮಾಡ್ಬಾರ್ದಾಗಿತ್ತು ಕಣಮ್ಮಿ."